ಬೇಸಿನ್ ಪಕ್ಕದ ಗೋಡೆ

ಏನಂಟಿಸಿದರೂ ಮೂರು ವಾರ ನಿಲ್ಲುವುದಿಲ್ಲ ಇಲ್ಲಿ.
ಗೂಡು ಬೇಯುವ ಹಬೆಗೆ ಮೈದಾ ಗೋಂದು ಸಡಿಲಿ
ಕನಿಷ್ಠ ವೇತನ ಮೂಲೆಯಿಂದ ಸುರುಳಿಯಾಗುತ್ತದೆ.
ಅದರಡಿ ಹೋದ ಏಪ್ರಿಲ್‌ನದು,
ಅದರಡಿ ಅದರ ಹಿಂದಿನದು,
ತೀರ ಅಡಿಯಲ್ಲಿ ಮೌಲಾ ಸಾಬರ ಕಾಲದ್ದು.
ಉಗುರಲ್ಲಿ ಕೆರೆದರೆ
ಅವರು ನನಗೆ ಕೊಡಬೇಕಿದ್ದ ಕೂಲಿ
ಈಗಲೂ ಓದಬಹುದು.

ಆಗ ಓದಿರಲಿಲ್ಲ.
ಎರಡನೇ ಬೇಸಿನ್ನಿನಲ್ಲಿ ಹನ್ನೊಂದು ವರ್ಷ
ಆ ಹಾಳೆಗೆ ಬೆನ್ನು ಹಾಕಿ ಕೂತಿದ್ದೆ.

ಈಗ ಶೆಡ್ಡು ನನ್ನದು, ಸಾಲ ನನ್ನದು.
ಹಾಜರಿ ಪುಸ್ತಕದ ಮೇಲೆ: ಖುರ್ಷಿದಾ ಬಾನು, ಮಾಲೀಕರು, ಶಿಡ್ಲಘಟ್ಟ.
ಆ ಬಹುವಚನಕ್ಕೆ ಇನ್ನೂ ನಗು ಬರುತ್ತದೆ.
ಕೆಲಸಕ್ಕೆ ಒಂಬತ್ತು ಜನ. ಹತ್ತನೆಯವಳೊಬ್ಬಳು ಬಂದಾಗ
ಮೂರ್ತಿ ಫೋನಿನಲ್ಲೇ ತಡೆದರು:
"ಹತ್ತಾದರೆ ಲೆಕ್ಕ ಬೇರೆ, ಮೇಡಂ."
ಬಾಗಿಲಲ್ಲೇ ನಿಂತಿದ್ದಳು ಹುಡುಗಿ, ಚಪ್ಪಲಿ ಬಿಟ್ಟು,
ತಾನೊಂದು ಅಂಕಿ ಎಂದು ತಿಳಿಯದೆ.

ಮೂರ್ತಿ ಇರುವುದು ಚಿಕ್ಕಬಳ್ಳಾಪುರದಲ್ಲಿ. ತಿಂಗಳಿಗೆ ಎಂಟುನೂರು.
ರಾತ್ರಿ ಹತ್ತರ ಮೇಲೆ ಅವರ ವಾಯ್ಸ್ ಮೆಸೇಜು:
ತಿದ್ದುಪಡಿ ಬಂದಿದೆಯಂತೆ. ಬರೀ ಕರಡಂತೆ.
ಯಾರೋ ಕೋರ್ಟಿಗೆ ಹೋಗಿದ್ದಾರಂತೆ.
ಹಳೇ ಫಾರಂ ನಡೆಯುವುದಿಲ್ಲವಂತೆ,
ಹೊಸದು ಇನ್ನೂ ಅಚ್ಚಾಗಿಲ್ಲವಂತೆ.
ಕಾನೂನು ನನ್ನ ಶೆಡ್ಡಿಗೆ ಬರುವುದು
ಅಂತೆಯ ಮೇಲೆ ಅಂತೆ ಊರಿಕೊಂಡು.
ದಂಡಕ್ಕೆ ಮಾತ್ರ ಅಂತೆ ಇಲ್ಲ.

ಒಂದು ವರ್ಷ ಬೆರಳು ಕೇಳಿದರು.
ಯಂತ್ರ ತಂದೆ. ಪಿಳ್ಳಮ್ಮ ಒತ್ತಿದಳು.
ಮತ್ತೆ ಒತ್ತಿದಳು. ಸೆರಗಿಗೆ ಒರೆಸಿ ಒತ್ತಿದಳು.
ಮೂವತ್ತು ವರ್ಷ ಬಿಸಿನೀರಲ್ಲಿ
ಎಳೆಯ ತುದಿ ಹುಡುಕಿದ ಬೆರಳಲ್ಲಿ
ಗೆರೆಯೇ ಉಳಿದಿರಲಿಲ್ಲ.
"ನಾನಿಲ್ಲ ಅಂತೈತೆ ನಿನ್ ಮಿಷನ್ನು"
ಅಂದು, ಹೋಗಿ ಬೇಸಿನ್ನಿಗೆ ಕೂತಳು.

ಮೊನ್ನೆ ಬಂದದ್ದು ರಜೆಯದು.
ತಿಂಗಳಿಗೊಂದು ದಿನ, ಹೆಂಗಸರಿಗೆ, ಸಂಬಳದ ಸಮೇತ.
ಯಾವ ರಜೆ ಎನ್ನುವಲ್ಲಿ ಮೂರ್ತಿ ಕೆಮ್ಮಿದರು.
ನಮ್ಮಂಥ ಸಣ್ಣವರಿಗೆ ಅನ್ವಯಿಸುತ್ತೋ ಇಲ್ಲವೋ
ಕೇಳಿ ಹೇಳುತ್ತೇನೆ ಅಂದರು.
ನಾನು ಸ್ಕೇಲಿಟ್ಟು ಪುಸ್ತಕದಲ್ಲೊಂದು ಕಾಲಂ ಎಳೆದೆ.
ತಲೆಬರಹ ಹೊಳೆಯಲಿಲ್ಲ.

ಹನ್ನೊಂದು ಹನ್ನೆರಡ್ಲಿ ನೂರಾ ಮೂವತ್ತೆರಡು.
ಅಷ್ಟು ತಿಂಗಳು, ಬೆಂದ ಹುಳದ ವಾಸನೆಯಲ್ಲಿ,
ಸೊಂಟಕ್ಕೆ ಬಟ್ಟೆ ಬಿಗಿದು.
ಮೌಲಾ ಸಾಬರು ಕೆಟ್ಟವರಲ್ಲ. ಕೇಳಲಿಲ್ಲ, ಅಷ್ಟೇ.
ಕೇಳಿದ್ದರೆ ನಾಚಿಕೆಗೆ ಸತ್ತೇ ಹೋಗುತ್ತಿದ್ದೆ.

ಆಮೇಲೆ ಲೆಕ್ಕ ಹಾಕಿದೆ. ಎಂಟು ಜನ, ಎಂಟು ದಿನ,
ಹರಾಜಿನಲ್ಲಿ ಗೂಡಿನ ರೇಟು ಹೀಗೆ ಏರಿರುವಾಗ.
ಕೈ ತಾನಾಗಿ ಪೆನ್ಸಿಲ್ ಕೆಳಗಿಟ್ಟಿತು.
ಸುಳ್ಳು ಹೇಳಲಾರೆ, ಇಟ್ಟಿತು.
ಅನ್ವಯಿಸದಿದ್ದರೆ ಸಾಕು ಎಂದು
ಒಂದು ಗಳಿಗೆ ಬೇಡಿಕೊಂಡೆ, ಅದೂ ಅಲ್ಲಾಹನನ್ನೇ.

"ಏನಮ್ಮ ಅದು ಗೀಟು?" ಪಿಳ್ಳಮ್ಮ ಕೇಳಿದಳು. ಹೇಳಿದೆ.
ಎಲೆಯಡಿಕೆ ಬಾಯಲ್ಲಿ ನಕ್ಕಳು, ಎಲ್ಲರಿಗೂ ಕೇಳುವ ಹಾಗೆ:
"ನಂದು ನಿಂತು ಐದು ವರ್ಸ ಆತು.
ನನ್ ದಿನ ಆ ಹುಡುಗಿಗೆ ಬರಿ,
ಬಾಗಲಾಗೆ ನಿಂತಿದ್ಲಲ್ಲ, ಅವ್ಳಿಗೆ."
ಹಾಗೆಲ್ಲ ಬರೆಯಲು ಬರುವುದಿಲ್ಲ ಅಂದೆ,
ಮಾಲೀಕರ ದನಿಯಲ್ಲಿ.
ಚರಕಗಳು ತಿರುಗುತ್ತಲೇ ಇದ್ದವು.

ಸಂಜೆ ಎಲ್ಲರೂ ಹೋದ ಮೇಲೆ ಶಮೀಮ ಉಳಿದಳು,
ಚಪ್ಪಲಿಯ ಪಟ್ಟಿ ಸರಿಮಾಡುವವಳಂತೆ.
"ಆಪಾ, ನಾಳೆ..." ಅಂದಳು. ಮುಂದೆ ಏನೂ ಇಲ್ಲ.

ಮೂರ್ತಿಯ ಉತ್ತರ ಇನ್ನೂ ಬಂದಿಲ್ಲ.
ಐದನೇ ಬೇಸಿನ್ ಇವತ್ತು ತಣ್ಣಗಿದೆ.
ತಲೆಬರಹವಿಲ್ಲದ ಕಾಲಂನಲ್ಲಿ
ಒಂದು ಚುಕ್ಕೆ ಇಟ್ಟಿದ್ದೇನೆ,
ಪೆನ್ಸಿಲ್ಲಿನಲ್ಲಿ.